ಮುಂಜಾನೆಯ ಓಟಕ್ಕೆ ಮುನ್ನಾ ರಾತ್ರಿಯ ಬುತ್ತಿ

ಕೋಳಿ ಕೂಗುವ ಮೊದಲೇ ಎದ್ದು, ಬೂಟಿನ ದಾರ ಬಿಗಿದು ಓಡಲು ಹೊರಡುವವರು ನಮ್ಮ ಊರುಗಳಲ್ಲಿ ಈಗ ಅಪರೂಪವೇನಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಇನ್ನೂ ಹತ್ತಾರು ಊರುಗಳ ಮೈದಾನಗಳಲ್ಲಿ ಬೆಳಕು ಹರಿಯುವ ಮುನ್ನವೇ ಹೆಜ್ಜೆಯ ಸದ್ದು ಕೇಳಿಸುತ್ತದೆ. ಹತ್ತು, ಇಪ್ಪತ್ತು, ಕೆಲವೊಮ್ಮೆ ನಲವತ್ತೆರಡು ಕಿಲೋಮೀಟರು ಓಡುವ ಇವರೆಲ್ಲರನ್ನೂ ಕಾಡುವ ಪ್ರಶ್ನೆ ಒಂದೇ: ಹೊರಡುವ ಮೊದಲು ಏನು ತಿನ್ನಬೇಕು? ಖಾಲಿ ಹೊಟ್ಟೆಯೇ ಸರಿ ಎನ್ನುವವರು ಕೆಲವರು. ಒಂದು ಬಾಳೆಹಣ್ಣಾದರೂ ಬೇಕು ಎನ್ನುವವರು ಹಲವರು. ಒಂದು ಲೋಟ ಕಾಫಿ ಸಾಕು ಎನ್ನುವವರೂ ಇದ್ದಾರೆ.

ಬೆಳಗಿನ ಓಟಕ್ಕೆ ಅದರದೇ ಆದ ಒಂದು ತೊಡಕಿದೆ. ರಾತ್ರಿಯ ಊಟ ಮುಗಿದು ಎಂಟು-ಹತ್ತು ಗಂಟೆ ಕಳೆದಿರುತ್ತದೆ. ಹೊಟ್ಟೆ ತುಂಬ ತಿಂದರೆ ಅರಗಲು ಸಮಯವಿಲ್ಲ, ತಿನ್ನದಿದ್ದರೆ ದಾರಿಯಲ್ಲಿ ಕಾಲು ಸೋಲುವ ಭಯ. ಬಿಸಿಲಿನ ನಾಡಿನಲ್ಲಿ ಹೊತ್ತೇರಿದ ಮೇಲೆ ಓಡುವುದೂ ಕಷ್ಟ. 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನ್ ಓಟ ನಡೆಯುವುದು ಜನವರಿಯ ಚಳಿಗಾಲದಲ್ಲಿ. ಆದರೂ ಪೂರ್ಣ ದೂರದ ಓಟಗಾರರು ಬೆಳಗಿನ ಐದರ ಸುಮಾರಿಗೇ ಹೊರಟಿರಬೇಕಾಗುತ್ತದೆ. ಹಾಗಾದರೆ ಅವರು ಉಣ್ಣುವುದು ಯಾವಾಗ?

ಪ್ರಶ್ನೆ ಚಿಕ್ಕದು. ಆದರೆ ಇದಕ್ಕೆ ನಂಬಬಹುದಾದ ಉತ್ತರ ಸಿಕ್ಕಲು ಮನುಷ್ಯನಿಗೆ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಆ ದಾರಿಯಲ್ಲಿ ತಪ್ಪು ಉತ್ತರವನ್ನು ನಂಬಿ ಪ್ರಾಣಕ್ಕೇ ಸಂಚಕಾರ ತಂದುಕೊಂಡವರೂ ಇದ್ದಾರೆ.

ಗಿಣ್ಣಿನಿಂದ ಮಾಂಸಕ್ಕೆ

ಕ್ರಿ.ಶ. 2ನೆಯ ಶತಮಾನದ ಗ್ರೀಕ್ ಪ್ರವಾಸಿ ಪಾಸೇನಿಯಸ್, ಒಲಿಂಪಿಯಾದಲ್ಲಿ ತಾನು ಕಂಡ ಪ್ರತಿಮೆಗಳನ್ನು ವರ್ಣಿಸುವಾಗ ಸ್ಟಿಂಫೇಲಸ್ ಊರಿನ ಡ್ರೋಮಿಯಸ್ ಎಂಬ ಓಟಗಾರನ ವಿಷಯ ಹೇಳುತ್ತಾನೆ. ಅಲ್ಲಿನ ದೀರ್ಘ ಓಟದಲ್ಲಿ ಅವನು ಎರಡು ಬಾರಿ ಗೆದ್ದವನು. ಆತನಿಗಿಂತ ಮೊದಲು ಕ್ರೀಡಾಪಟುಗಳ ಆಹಾರ ಬುಟ್ಟಿಯಲ್ಲಿಟ್ಟು ನೀರು ಬಸಿದ ಹಸಿ ಗಿಣ್ಣು. ಮಾಂಸ ತಿಂದು ತರಬೇತಿ ಪಡೆಯುವ ಪದ್ಧತಿಯನ್ನು ಮೊದಲು ಮಾಡಿದವನು ಡ್ರೋಮಿಯಸ್ ಎನ್ನುತ್ತಾನೆ ಪಾಸೇನಿಯಸ್. ಗೆದ್ದವನು ತಿಂದದ್ದನ್ನೇ ಉಳಿದವರೂ ತಿನ್ನಲು ತೊಡಗುವುದು ಅಂದಿನಿಂದ ಇಂದಿನವರೆಗೂ ನಡೆದುಬಂದ ರೂಢಿ. ಪೈಪೋಟಿಗೆ ಬಿದ್ದವನಿಗೆ ಮಾಂಸವೇ ಶಕ್ತಿ ಎಂಬ ನಂಬಿಕೆ ಯೂರೋಪಿನಲ್ಲಿ ಬಹುಕಾಲ ಅಲುಗಲಿಲ್ಲ.

ಈ ನಂಬಿಕೆಯ ಅತ್ಯಂತ ಪ್ರಸಿದ್ಧ ಉದಾಹರಣೆ ಸ್ಕಾಟ್ಲೆಂಡಿನ ಕ್ಯಾಪ್ಟನ್ ಬಾರ್ಕ್ಲೇ. 1809ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಆತ ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ 1,000 ಗಂಟೆಗಳಲ್ಲಿ 1,000 ಮೈಲಿ, ಅಂದರೆ ಪ್ರತಿ ಗಂಟೆಗೂ ತಪ್ಪದೆ ಒಂದೊಂದು ಮೈಲಿ ನಡೆದು 1,000 ಗಿನಿಗಳ ಪಣ ಗೆದ್ದ. ಹಗಲು ರಾತ್ರಿ ಎನ್ನದೆ ಸುಮಾರು ಆರು ವಾರ ನಡೆದ ಈ ಸಾಹಸವನ್ನು ನೋಡಲು ಜನ ಮುಗಿಬಿದ್ದರು. ಆತನ ತರಬೇತಿಯ ಕ್ರಮವನ್ನು ವಾಲ್ಟರ್ ಥಾಮ್ ಎಂಬಾತ 1813ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅದರ ಪ್ರಕಾರ ಅಭ್ಯಾಸಿ ಬೆಳಿಗ್ಗೆ ಐದಕ್ಕೆ ಏಳಬೇಕು. ಅರ್ಧ ಮೈಲಿ ಏರುದಾರಿಯಲ್ಲಿ ಶಕ್ತಿಮೀರಿ ಓಡಬೇಕು. ಆಮೇಲೆ ಆರು ಮೈಲಿ ಸಾಧಾರಣ ವೇಗದಲ್ಲಿ ನಡೆಯಬೇಕು. ಏಳರ ಸುಮಾರಿಗೆ ಮರಳಿ ಬಂದು ಉಪಾಹಾರ ಮಾಡಬೇಕು. ಉಪಾಹಾರವೆಂದರೆ ಅರೆಬೆಂದ ದನದ ಅಥವಾ ಕುರಿಯ ಮಾಂಸ, ಹಳಸಲು ಬ್ರೆಡ್ಡು ಮತ್ತು ಹಳೆಯ ಬಿಯರ್! ಕ್ಯಾರೆಟ್, ಆಲೂಗಡ್ಡೆಯಂಥ ತರಕಾರಿಗಳು ನೀರು ತುಂಬಿದವು, ಅರಗದವು ಎಂದು ನಿಷಿದ್ಧ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮುಂಜಾನೆಯ ಆ ಎರಡು ಗಂಟೆಗಳ ದುಡಿತ ಪೂರ್ತಿ ಖಾಲಿ ಹೊಟ್ಟೆಯಲ್ಲೇ ನಡೆಯುತ್ತಿತ್ತು. ಅಷ್ಟಾಗಿಯೂ ಅಭ್ಯಾಸಿಗಳು ಕುಸಿಯುತ್ತಿರಲಿಲ್ಲ. ಏಕೆ ಕುಸಿಯುತ್ತಿರಲಿಲ್ಲ ಎಂದು ಕೇಳುವ ವಿಜ್ಞಾನ ಆಗ ಇನ್ನೂ ಹುಟ್ಟಿರಲಿಲ್ಲ.

ಬೆಟ್ಟ ಹತ್ತಿದ ಪ್ರೊಫೆಸರುಗಳು

ಮಾಂಸದ ನಂಬಿಕೆಗೆ ವಿಜ್ಞಾನದ ಮುದ್ರೆ ಒತ್ತಿದವನು ಜರ್ಮನಿಯ ಹೆಸರಾಂತ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್. ಸ್ನಾಯು ಕೆಲಸ ಮಾಡುವಾಗ ತನ್ನನ್ನೇ ತಾನು ಸವೆಸಿಕೊಳ್ಳುತ್ತದೆ, ಆದ್ದರಿಂದ ದುಡಿಮೆಯ ಇಂಧನ ಪ್ರೋಟೀನು ಎಂದು 1842ರಲ್ಲಿ ಆತ ಪ್ರತಿಪಾದಿಸಿದ. ದೊಡ್ಡವರ ಮಾತು, ಎದುರಾಡುವವರು ಕಡಿಮೆ. ಆದರೆ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿದ್ದ ಇಬ್ಬರು ಪ್ರಾಧ್ಯಾಪಕರು, ಶರೀರ ವಿಜ್ಞಾನಿ ಅಡಾಲ್ಫ್ ಫಿಕ್ ಮತ್ತು ರಸಾಯನ ವಿಜ್ಞಾನಿ ಯೊಹಾನೆಸ್ ವಿಸ್ಲಿಸೇನಸ್, ಇದನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಲು ಹೊರಟರು.

1865ರ ಆಗಸ್ಟ್ 29ರ ಮಧ್ಯಾಹ್ನದಿಂದ ಅವರು ಪ್ರೋಟೀನು ಇರುವ ಯಾವ ಆಹಾರವನ್ನೂ ಮುಟ್ಟಲಿಲ್ಲ. ಪಿಷ್ಟವನ್ನು ಕಲಸಿ ಕೊಬ್ಬಿನಲ್ಲಿ ಕರಿದ ಬಿಲ್ಲೆಗಳು, ಸಕ್ಕರೆ ಹಾಕಿದ ಚಹಾ, ಒಂದಿಷ್ಟು ಬಿಯರ್ ಮತ್ತು ವೈನ್: ಇಷ್ಟೇ ಅವರ ಆಹಾರ. ಮರುದಿನ ಬೆಳಗಿನ ಐದರ ಸುಮಾರಿಗೆ ಬ್ರಿಯೆಂಜ್ ಸರೋವರದ ತೀರದಿಂದ ಹೊರಟು, ಎಂಟು ಗಂಟೆಗಳ ಕಾಲ ಏರಿ, ಸರೋವರದ ಮಟ್ಟದಿಂದ 1,956 ಮೀಟರು ಎತ್ತರದ ಫೌಲ್‌ಹಾರ್ನ್ ಶಿಖರ ಮುಟ್ಟಿದರು. ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಶೇಖರಿಸಿಟ್ಟುಕೊಂಡರು. ಪ್ರೋಟೀನು ಸವೆದರೆ ಅದರ ಸಾರಜನಕ ಮೂತ್ರದಲ್ಲಿ ಹೊರಬರಲೇಬೇಕು. ಆದ್ದರಿಂದ ಮೂತ್ರದ ಸಾರಜನಕವನ್ನು ಅಳೆದರೆ ಎಷ್ಟು ಪ್ರೋಟೀನು ಉರಿಯಿತೆಂಬ ಲೆಕ್ಕ ಸಿಗುತ್ತದೆ. 66 ಕಿಲೋ ತೂಕದ ಫಿಕ್ ಮತ್ತು 76 ಕಿಲೋ ತೂಕದ ವಿಸ್ಲಿಸೇನಸ್ ತಮ್ಮ ದೇಹವನ್ನು ಅಷ್ಟು ಎತ್ತರಕ್ಕೆ ಎತ್ತಲು ಮಾಡಿದ ಕೆಲಸವೆಷ್ಟೆಂಬುದನ್ನು ಗುಣಿಸಿ ತಿಳಿಯಬಹುದಿತ್ತು.

ಎರಡನ್ನೂ ತಾಳೆ ನೋಡಿದಾಗ ಲೀಬಿಗ್‌ನ ಸಿದ್ಧಾಂತ ಅಲುಗಾಡಿತು. ಫಿಕ್‌ನ ಭಾವನೂ ಆಗಿದ್ದ ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲೆಂಡ್ ಆಹಾರ ಪದಾರ್ಥಗಳನ್ನು ಉರಿಸಿ ಅಳೆದುಕೊಟ್ಟ ಅಂಕಿಗಳ ಪ್ರಕಾರ, ಉರಿದ ಪ್ರೋಟೀನು ಮೈಭಾರ ಎತ್ತಿದ ಕೆಲಸದ ಸುಮಾರು ಅರ್ಧಕ್ಕೆ ಮಾತ್ರ ಸಾಲುತ್ತಿತ್ತು. ಹೃದಯದ ಬಡಿತ, ಉಸಿರಾಟ, ಬೆವರಿನ ಶಾಖ ಇವನ್ನೆಲ್ಲ ಸೇರಿಸಿದರೆ ಅದು ಏನೇನೂ ಸಾಲದು. ಹಾಗಾದರೆ ಪ್ರೊಫೆಸರುಗಳನ್ನು ಶಿಖರಕ್ಕೆ ಹೊತ್ತು ತಂದದ್ದು ಪಿಷ್ಟ, ಸಕ್ಕರೆ ಮತ್ತು ಕೊಬ್ಬು. ದುಡಿಮೆಯ ಒಲೆಗೆ ಸೌದೆ ಯಾವುದು ಎಂಬ ಪ್ರಶ್ನೆಗೆ ಸಿಕ್ಕ ಮೊದಲ ಸರಿಯಾದ ಸುಳಿವು ಇದು. ಆದರೆ ಪ್ರಯೋಗಶಾಲೆಯ ಮಾತು ಓಟದ ಮೈದಾನಕ್ಕೆ ಬರಲು ಮತ್ತೆ ಅರವತ್ತು ವರ್ಷ ಬೇಕಾಯಿತು.

ಮೊಟ್ಟೆ, ಬ್ರಾಂದಿ ಮತ್ತು ವಿಷ

ಆ ನಡುವಿನ ಕಾಲದ ಅಜ್ಞಾನಕ್ಕೆ 1904ರ ಸೇಂಟ್ ಲೂಯಿ ಒಲಿಂಪಿಕ್ಸ್‌ನ ಮ್ಯಾರಥಾನ್ ಓಟವೇ ಸಾಕ್ಷಿ. ಆಗಸ್ಟ್ 30ರ ಮಧ್ಯಾಹ್ನ ಮೂರರ ಬಿಸಿಲಿನಲ್ಲಿ, ಧೂಳು ತುಂಬಿದ ರಸ್ತೆಯಲ್ಲಿ 32 ಮಂದಿ ಹೊರಟರು. ಗುರಿ ಮುಟ್ಟಿದವರು 14 ಮಂದಿ. ದಾರಿಯಲ್ಲಿ ನೀರು ಸಿಗುತ್ತಿದ್ದುದು ಎರಡೇ ಕಡೆ. ಅಮೆರಿಕದ ಥಾಮಸ್ ಹಿಕ್ಸ್ ದಣಿದು ತೂರಾಡತೊಡಗಿದಾಗ ಅವನ ಸಹಾಯಕರು ಕುಡಿಯಲು ನೀರು ಕೊಡದೆ, ಮೊಟ್ಟೆಯ ಬಿಳಿಭಾಗದಲ್ಲಿ ಸ್ಟ್ರಿಕ್ನೀನ್ ಬೆರೆಸಿ ಕೊಟ್ಟರು. ಆಮೇಲೆ ಬ್ರಾಂದಿಯನ್ನೂ ಕುಡಿಸಿದರು. ಸ್ಟ್ರಿಕ್ನೀನ್ ಎಂದರೆ ಕಾಸರಕದ ಬೀಜದಲ್ಲಿರುವ ವಿಷ; ಅತಿ ಚಿಕ್ಕ ಪ್ರಮಾಣದಲ್ಲಿ ನರಗಳನ್ನು ಕೆರಳಿಸುತ್ತದೆಂದು ಆಗ ಅದನ್ನು ಉತ್ತೇಜಕವೆಂದು ಬಳಸುತ್ತಿದ್ದರು. ಹಿಕ್ಸ್ ಗೆದ್ದದ್ದೇನೋ ನಿಜ, ಆದರೆ 3 ಗಂಟೆ 28 ನಿಮಿಷ 53 ಸೆಕೆಂಡು ತೆಗೆದುಕೊಂಡು, ಕೊನೆಗೆ ವೈದ್ಯರ ಆರೈಕೆಗೆ ಬಿದ್ದ. ಇನ್ನೊಂದು ಸುತ್ತು ಆ ಔಷಧ ಕೊಟ್ಟಿದ್ದರೆ ಚಿನ್ನದ ಪದಕ ಅವನ ಸಮಾಧಿಗೆ ಹೋಗುತ್ತಿತ್ತೇನೋ!

ಮ್ಯಾರಥಾನ್ ಓಟದ ಕೊನೆಯ ಹಂತದಲ್ಲಿ ಗಟ್ಟಿಮುಟ್ಟಾದ ಓಟಗಾರರು ಮುಖ ಬಿಳಿಚಿ, ತಲೆ ತಿರುಗಿ, ಮಾತು ತೊದಲಿ ಬೀಳುವುದು ಆಗಿನ ಕಾಲಕ್ಕೆ ಸಾಮಾನ್ಯ ದೃಶ್ಯವಾಗಿತ್ತು. ಅದನ್ನು ಬರೀ ಆಯಾಸವೆಂದೋ ಹೃದಯದ ದೌರ್ಬಲ್ಯವೆಂದೋ ತಿಳಿಯಲಾಗಿತ್ತು.

ಬಾಸ್ಟನ್ನಿನ ವೈದ್ಯರು ಕಂಡದ್ದು

1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮಧುಮೇಹದ ರೋಗಿಗಳಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡಲಾಯಿತು. ಅದರೊಂದಿಗೆ ವೈದ್ಯರಿಗೆ ಹೊಸದೊಂದು ಅಪಾಯದ ಪರಿಚಯವೂ ಆಯಿತು: ಇನ್ಸುಲಿನ್ ಹೆಚ್ಚಾದರೆ ರಕ್ತದ ಸಕ್ಕರೆ ಕುಸಿದು ರೋಗಿ ಬೆವರಿ, ನಡುಗಿ, ಗೊಂದಲಗೊಂಡು ಪ್ರಜ್ಞೆ ತಪ್ಪುತ್ತಾನೆ. ಈ ಲಕ್ಷಣಗಳಿಗೂ ಮ್ಯಾರಥಾನ್ ಓಟಗಾರರ ಅವಸ್ಥೆಗೂ ಇದ್ದ ಹೋಲಿಕೆ ಬಾಸ್ಟನ್ ನಗರದ ವೈದ್ಯರ ಗಮನಕ್ಕೆ ಬಂತು. 1924ರ ಬಾಸ್ಟನ್ ಮ್ಯಾರಥಾನ್ ಮುಗಿಯುತ್ತಲೇ ಸ್ಯಾಮ್ಯುಯೆಲ್ ಲೆವೀನ್ ಮತ್ತು ಅವರ ಸಹೋದ್ಯೋಗಿಗಳು ಕೆಲವು ಓಟಗಾರರ ರಕ್ತ ಪರೀಕ್ಷಿಸಿದರು. ತೀರ ನಿತ್ರಾಣರಾಗಿ ಬಂದವರ ರಕ್ತದಲ್ಲಿ ಸಕ್ಕರೆ ತೀರ ಕೆಳಗಿಳಿದಿತ್ತು. ಚೆನ್ನಾಗಿದ್ದವರಲ್ಲಿ ಅಷ್ಟಾಗಿ ಇಳಿದಿರಲಿಲ್ಲ.

ಮುಂದಿನ ವರ್ಷ ಅದೇ ವೈದ್ಯರು ಓಟಗಾರರಿಗೆ ಎರಡು ಸಲಹೆ ಕೊಟ್ಟರು. ಒಂದು, ಓಟದ ಹಿಂದಿನ ದಿನ ಶರ್ಕರಪಿಷ್ಟ ಹೆಚ್ಚಾಗಿರುವ ಆಹಾರವನ್ನು ಧಾರಾಳವಾಗಿ ತಿನ್ನುವುದು. ಎರಡು, ಓಡುವಾಗ ನಡುವೆ ಸಿಹಿ ಮಿಠಾಯಿ ತಿನ್ನುವುದು. 1925ರ ಓಟದಲ್ಲಿ ಹೀಗೆ ಮಾಡಿದವರ ಸಕ್ಕರೆ ಕುಸಿಯಲಿಲ್ಲ. ಅವರು ಹಿಂದಿನ ವರ್ಷಕ್ಕಿಂತ ಉತ್ತಮ ಸ್ಥಿತಿಯಲ್ಲಿ ಓಟ ಮುಗಿಸಿದರು. ಅರೆಬೆಂದ ಮಾಂಸದಿಂದ ಮಿಠಾಯಿಗೆ ಬಂದ ಈ ಬದಲಾವಣೆ ಸಣ್ಣದಲ್ಲ. ಅದಕ್ಕಿಂತ ಮುಖ್ಯವಾದುದು 'ಹಿಂದಿನ ದಿನ' ಎಂಬ ಮಾತು. ಓಟದ ಊಟವೆಂದರೆ ಓಟದ ಬೆಳಗಿನ ಊಟವಲ್ಲ ಎಂಬ ಅರಿವು ಅಲ್ಲಿ ಮೊಳೆಯಿತು.

ಒಂದು ಸೈಕಲ್ಲು, ಇಬ್ಬರು ಸವಾರರು

ಹಿಂದಿನ ದಿನದ ಊಟ ದೇಹದಲ್ಲಿ ಎಲ್ಲಿ ಅಡಗಿರುತ್ತದೆ? ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1857ರಲ್ಲೇ ಯಕೃತ್ತಿನಿಂದ ಗ್ಲೈಕೊಜೆನ್ ಎಂಬ ಪದಾರ್ಥವನ್ನು ಬೇರ್ಪಡಿಸಿದ್ದ. ಅಕ್ಕಿ-ರಾಗಿಗಳಲ್ಲಿ ಪಿಷ್ಟವಿದ್ದಂತೆ ಪ್ರಾಣಿಗಳ ದೇಹದಲ್ಲಿ ಸಕ್ಕರೆಯನ್ನು ಕೂಡಿಡುವ ರೂಪ ಅದು. ಅದು ಸ್ನಾಯುಗಳಲ್ಲೂ ಇರುತ್ತದೆ. ಆದರೆ ದುಡಿಯುವ ಮನುಷ್ಯನ ಸ್ನಾಯುವಿನೊಳಗೆ ಅದೆಷ್ಟಿದೆ ಎಂದು ಇಣುಕಿ ನೋಡುವ ಉಪಾಯವಿರಲಿಲ್ಲ.

1962ರಲ್ಲಿ ಸ್ವೀಡನ್ನಿನ ಯೊನಾಸ್ ಬೆರ್ಗ್‌ಸ್ಟ್ರೋಮ್ ಸೂಜಿಯಂಥ ಉಪಕರಣದಿಂದ ಸ್ನಾಯುವಿನ ಚೂರನ್ನು ತೆಗೆಯುವ ಹಳೆಯ ವಿಧಾನಕ್ಕೆ ಹೊಸ ರೂಪ ಕೊಟ್ಟ. ಆಮೇಲೆ ಆತ ಮತ್ತು ಎರಿಕ್ ಹುಲ್ಟ್‌ಮನ್ ಮಾಡಿದ ಪ್ರಯೋಗ ಸರಳವೂ ಸೊಗಸಾದದ್ದೂ ಆಗಿದೆ. ಒಂದೇ ವ್ಯಾಯಾಮದ ಸೈಕಲ್ಲಿನ ಎರಡು ಬದಿಗೆ ಇಬ್ಬರೂ ಕುಳಿತರು. ಒಬ್ಬ ಬಲಗಾಲಿನಿಂದ, ಇನ್ನೊಬ್ಬ ಎಡಗಾಲಿನಿಂದ ಮಾತ್ರ ಪೆಡಲು ತುಳಿದರು. ಮತ್ತೊಂದು ಕಾಲಿಗೆ ಪೂರ್ಣ ವಿಶ್ರಾಂತಿ. ತುಳಿದ ಕಾಲಿನಲ್ಲಿ ಗ್ಲೈಕೊಜೆನ್ ಹೆಚ್ಚುಕಡಿಮೆ ಬರಿದಾಯಿತು, ಸುಮ್ಮನಿದ್ದ ಕಾಲಿನಲ್ಲಿ ಇದ್ದಂತೆಯೇ ಇತ್ತು. ಬಳಿಕ ಮೂರು ದಿನ ಶರ್ಕರಪಿಷ್ಟವನ್ನೇ ಹೆಚ್ಚಾಗಿ ತಿಂದಾಗ, ದುಡಿದು ಬರಿದಾದ ಕಾಲು ತನ್ನ ಸಂಗ್ರಹವನ್ನು ಇನ್ನೊಂದು ಕಾಲಿನ ಸುಮಾರು ಎರಡರಷ್ಟು ತುಂಬಿಕೊಂಡಿತು! 1966ರಲ್ಲಿ ಇದು ಪ್ರಕಟವಾಯಿತು.

ಮರುವರ್ಷ ಅವರ ತಂಡ ಆಹಾರಕ್ಕೂ ಸಹಿಷ್ಣುತೆಗೂ ಇರುವ ನಂಟನ್ನು ಅಳೆದು ತೋರಿಸಿತು. ಒಂದೇ ಬಗೆಯ ಕಠಿಣ ಸೈಕಲ್ ತುಳಿತವನ್ನು, ಬರೀ ಕೊಬ್ಬು-ಪ್ರೋಟೀನು ತಿಂದವರು ಸುಮಾರು ಒಂದು ಗಂಟೆ, ಮಿಶ್ರ ಆಹಾರ ತಿಂದವರು ಸುಮಾರು ಎರಡು ಗಂಟೆ, ಶರ್ಕರಪಿಷ್ಟ ಹೆಚ್ಚಾಗಿ ತಿಂದವರು ಸುಮಾರು ಮೂರು ಗಂಟೆ ತಾಳಿಕೊಂಡರು. ಬ್ರಿಟನ್ನಿನ ರಾನ್ ಹಿಲ್ ಈ ಮಾರ್ಗವನ್ನು ಅನುಸರಿಸಿ 1969ರಲ್ಲಿ ಅಥೆನ್ಸ್‌ನಲ್ಲಿ ನಡೆದ ಯೂರೋಪಿಯನ್ ಚಾಂಪಿಯನ್‌ಷಿಪ್‌ನ ಮ್ಯಾರಥಾನ್ ಗೆದ್ದಾಗ ಓಟಗಾರರ ಲೋಕವೆಲ್ಲ ಕಣ್ಣರಳಿಸಿತು. ದೊಡ್ಡ ಓಟಗಳ ಮುನ್ನಾ ರಾತ್ರಿ ಅನ್ನ, ಪಾಸ್ತಾ, ಆಲೂಗಡ್ಡೆಗಳ ಊಟ ರೂಢಿಗೆ ಬಂದದ್ದು ಹೀಗೆ.

ಊರ ಕಣಜ, ಮನೆಯ ಕಣಜ

ಇಷ್ಟು ತಿಳಿದ ಮೇಲೆ ಮುಂಜಾನೆಯ ಪ್ರಶ್ನೆಗೆ ಮರಳಬಹುದು. ದೇಹದಲ್ಲಿ ಗ್ಲೈಕೊಜೆನ್‌ಗೆ ಎರಡು ಕಣಜಗಳು. ಸ್ನಾಯುಗಳಲ್ಲಿರುವುದು ದೊಡ್ಡದು, ಸಾಮಾನ್ಯವಾಗಿ 300ರಿಂದ 500 ಗ್ರಾಂ. ಯಕೃತ್ತಿನಲ್ಲಿರುವುದು ಚಿಕ್ಕದು, ತುಂಬಿದಾಗ 100 ಗ್ರಾಂ ಆಸುಪಾಸು. ಆದರೆ ಸ್ನಾಯುವಿನ ಕಣಜ ಬೀಗ ಹಾಕಿದ ಮನೆಯ ಕಣಜದಂತೆ. ತನ್ನ ಸಕ್ಕರೆಯನ್ನು ತಾನೇ ಉರಿಸಿಕೊಳ್ಳುತ್ತದೆಯೇ ಹೊರತು ರಕ್ತಕ್ಕೆ ಬಿಟ್ಟುಕೊಡಲಾರದು, ಅದಕ್ಕೆ ಬೇಕಾದ ಕಿಣ್ವ ಸ್ನಾಯುವಿನಲ್ಲಿಲ್ಲ. ಯಕೃತ್ತಿನದು ಊರ ಕಣಜ. ರಕ್ತಕ್ಕೆ ಸಕ್ಕರೆ ಸುರಿದು ಎಲ್ಲ ಅಂಗಗಳನ್ನೂ ಪೋಷಿಸುವ ಹೊಣೆ ಅದರದು.

ರಾತ್ರಿ ನಾವು ಮಲಗಿದಾಗ ಕಾಲುಗಳು ವಿಶ್ರಾಂತಿಯಲ್ಲಿರುತ್ತವೆ. ಮಿದುಳಿಗೆ ಮಾತ್ರ ರಜೆಯಿಲ್ಲ. ಅದು ಗಂಟೆಗೆ ಸುಮಾರು 5 ಗ್ರಾಂ ಸಕ್ಕರೆಯನ್ನು ಬಳಸುತ್ತಲೇ ಇರುತ್ತದೆ. ಎಂಟು ಗಂಟೆಗೆ 40 ಗ್ರಾಂ ಆಯಿತು. ಹೀಗಾಗಿ ಬೆಳಗಿನ ಹೊತ್ತಿಗೆ ಯಕೃತ್ತಿನ ಕಣಜ ಬಹುಮಟ್ಟಿಗೆ ಇಳಿದಿರುತ್ತದೆ, ಆದರೆ ಸ್ನಾಯುವಿನ ಕಣಜ ರಾತ್ರಿ ಇದ್ದಷ್ಟೇ ಇರುತ್ತದೆ. ಬಾರ್ಕ್ಲೇಯ ಅಭ್ಯಾಸಿಗಳು ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ದುಡಿದೂ ಕುಸಿಯದಿರಲು ಕಾರಣ ಇದೇ: ಹೊಟ್ಟೆ ಖಾಲಿಯಾಗಿತ್ತು, ಕಾಲು ಖಾಲಿಯಾಗಿರಲಿಲ್ಲ. ನಡಿಗೆಯಂಥ ನಿಧಾನದ ದುಡಿತಕ್ಕೆ ಮೈಯ ಕೊಬ್ಬೂ ಧಾರಾಳವಾಗಿ ಒದಗುತ್ತದೆ.

ಅಂದರೆ ಬೆಳಗಿನ ಐದಕ್ಕೆ ತಿನ್ನುವ ತುತ್ತು ಕಾಲಿಗಲ್ಲ, ಯಕೃತ್ತಿಗೆ ಮತ್ತು ಅದರ ಮೂಲಕ ಮಿದುಳಿಗೆ. ಕಾಲಿನ ಬುತ್ತಿಯನ್ನು ಹಿಂದಿನ ದಿನವೇ ಕಟ್ಟಿ ಆಗಿರಬೇಕು. ರಾತ್ರಿ ಊಟ ಬಿಟ್ಟವನು ಬೆಳಿಗ್ಗೆ ನಾಲ್ಕು ಬಾಳೆಹಣ್ಣು ತಿಂದರೂ ಆ ಕೊರತೆ ತುಂಬದು.

ಸಕ್ಕರೆಯ ಭಯ, ಕಾಫಿಯ ಬಲ

ಆ ಬೆಳಗಿನ ತುತ್ತಿನ ವಿಷಯದಲ್ಲೂ ಒಂದು ಗೊಂದಲವೆದ್ದಿತು. 1979ರಲ್ಲಿ ಅಮೆರಿಕದ ಡೇವಿಡ್ ಕಾಸ್ಟಿಲ್ ಮತ್ತು ಸಂಗಡಿಗರು, ವ್ಯಾಯಾಮಕ್ಕೆ ಮುಕ್ಕಾಲು ಗಂಟೆಯೊಳಗೆ 75 ಗ್ರಾಂ ಗ್ಲೂಕೋಸ್ ಕುಡಿದವರು ಬರೀ ನೀರು ಕುಡಿದವರಿಗಿಂತ ಶೇಕಡ 19ರಷ್ಟು ಬೇಗ ಸೋತರೆಂದು ವರದಿ ಮಾಡಿದರು. ಸಕ್ಕರೆ ಕುಡಿದೊಡನೆ ಇನ್ಸುಲಿನ್ ಏರುತ್ತದೆ, ಅದೇ ಹೊತ್ತಿಗೆ ಓಟ ಶುರುವಾದರೆ ರಕ್ತದ ಸಕ್ಕರೆ ತಟ್ಟನೆ ಇಳಿಯುತ್ತದೆ ಎಂಬುದು ವಿವರಣೆ. ಓಟಕ್ಕೆ ಒಂದು ಗಂಟೆ ಮೊದಲು ಸಿಹಿ ಮುಟ್ಟಬಾರದೆಂಬ ಸಲಹೆ ವರ್ಷಗಟ್ಟಲೆ ಚಲಾವಣೆಯಲ್ಲಿತ್ತು. ಆದರೆ ಆಮೇಲೆ ನಡೆದ ಹೆಚ್ಚಿನ ಪ್ರಯೋಗಗಳಲ್ಲಿ ಈ ಹಾನಿ ಮತ್ತೆ ಕಾಣಿಸಲಿಲ್ಲ. ಸಕ್ಕರೆ ಇಳಿದರೂ ಬಹುಪಾಲು ಜನರಲ್ಲಿ ಸ್ವಲ್ಪ ಹೊತ್ತಿಗೇ ತಾನಾಗಿ ಸರಿಹೋಗುತ್ತದೆ. ಕೆಲವರಿಗೆ ಮಾತ್ರ ತಲೆಸುತ್ತು, ನಡುಕ ಬರುವುದುಂಟು. ಅಂಥವರು ಸಿಹಿಯನ್ನು ಹೊರಡುವ ಐದು ನಿಮಿಷ ಮೊದಲು ಅಥವಾ ಓಡುತ್ತಲೇ ತಿನ್ನುವುದು ಮೇಲು.

ಕಾಫಿಯ ಕಥೆಯೂ ಹೀಗೆಯೇ ತಿರುವು ಕಂಡಿದೆ. ಅದೇ ಕಾಸ್ಟಿಲ್ 1978ರಲ್ಲಿ, ಒಂದು ಗಂಟೆ ಮೊದಲು 330 ಮಿಲಿಗ್ರಾಂ ಕೆಫೀನ್ ಇರುವ ಕಾಫಿ ಕುಡಿದ ಸೈಕಲ್ ಸವಾರರು ಸುಮಾರು 75 ನಿಮಿಷದ ಬದಲು 90 ನಿಮಿಷ ತುಳಿದರೆಂದು ತೋರಿಸಿದರು. ಕೆಫೀನ್ ಕೊಬ್ಬನ್ನು ಕರಗಿಸಿ ಗ್ಲೈಕೊಜೆನ್ ಉಳಿಸುತ್ತದೆ ಎಂದು ಆಗ ಭಾವಿಸಲಾಗಿತ್ತು. ಅದರ ಮುಖ್ಯ ಪರಿಣಾಮ ಇರುವುದು ಮಿದುಳಿನ ಮೇಲೆ, ಆಯಾಸದ ಸಂದೇಶವನ್ನು ಅದು ಮಂಕಾಗಿಸುತ್ತದೆ ಎಂಬುದು ಇಂದಿನ ತಿಳಿವಳಿಕೆ. ಮಿತಿಮೀರಿದ ಕೆಫೀನ್ ಬಹುಕಾಲ ಕ್ರೀಡೆಯಲ್ಲಿ ನಿಷಿದ್ಧವಾಗಿತ್ತು; 2004ರ ಜನವರಿ 1ರಿಂದ ಆ ಪಟ್ಟಿಯಿಂದ ಅದನ್ನು ತೆಗೆಯಲಾಯಿತು. ಬೆಳಗಿನ ಒಂದು ಲೋಟ ಫಿಲ್ಟರ್ ಕಾಫಿಗೆ ಓಟಗಾರ ಹೆದರಬೇಕಾಗಿಲ್ಲ. ಆದರೆ ಕಾಫಿ ಎಚ್ಚರಿಸುತ್ತದೆ, ಉಣಿಸುವುದಿಲ್ಲ ಎಂಬುದನ್ನು ಮರೆಯಬಾರದು.

ತಂಗಳಿನ ತಿಳಿವಳಿಕೆ

ಇಷ್ಟೆಲ್ಲ ಸಂಶೋಧನೆಗೂ ಮೊದಲು, ಮುಂಜಾನೆಯ ದುಡಿಮೆಯನ್ನು ಕ್ರೀಡೆಯೆಂದು ಕರೆಯದ ಜನ ನಮ್ಮ ನಡುವೆಯೇ ಇದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾಗಿ 1889ರವರೆಗೆ ಪ್ರತ್ಯೇಕವಾಗಿ ನಡೆದ ಮೈಸೂರು ಅಂಚೆಯ ಪತ್ರಗಳು ಊರಿಂದೂರಿಗೆ ಸಾಗಿದ್ದು ಅಂಚೆಯಾಳುಗಳ ಕಾಲಿನ ಬಲದಿಂದ. ಹೊತ್ತು ಮೂಡುವ ಮುನ್ನ ನೇಗಿಲು ಹೂಡುವ ರೈತನ ದುಡಿಮೆ ಯಾವ ಮ್ಯಾರಥಾನ್‌ಗೂ ಕಡಿಮೆಯಲ್ಲ. ಆತನ ಬೆಳಗಿನ ಆಹಾರ ತಂಗಳು: ರಾತ್ರಿಯ ಮುದ್ದೆ ಅಥವಾ ಅನ್ನ ಮಜ್ಜಿಗೆಯಲ್ಲಿ ಕಲಸಿದ್ದು, ಇಲ್ಲವೇ ಉಪ್ಪು ಹಾಕಿದ ರಾಗಿ ಅಂಬಲಿ. ಪಿಷ್ಟವಿದೆ, ನೀರಿದೆ, ಉಪ್ಪಿದೆ. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಬೇಗ ಹೊಟ್ಟೆಯಿಂದ ಇಳಿಯುತ್ತದೆ. ರಾತ್ರಿಯ ಮುದ್ದೆ ಕಾಲಿಗೆ, ಬೆಳಗಿನ ಅಂಬಲಿ ಯಕೃತ್ತಿಗೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅನುಭವ ಕಲಿಸಿತ್ತು, ಬಡತನ ಬೇರೆ ದಾರಿ ಬಿಟ್ಟಿರಲಿಲ್ಲ.

1919ರ ಸುಮಾರಿನಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ, ಅಲ್ಲಿನ ದೂರದ ಓಟಗಳಲ್ಲಿ ಬರಿಗಾಲಿನಲ್ಲಿ ಓಡುತ್ತಿದ್ದ ರೈತಾಪಿ ಯುವಕರ ತಾಳಿಕೆಯನ್ನು ಕಂಡು ಬೆರಗಾದರು. ಭಾರತದಿಂದ ಒಲಿಂಪಿಕ್ಸ್‌ಗೆ ತಂಡ ಕಳಿಸುವ ಯೋಚನೆ ಬೆಳೆದದ್ದು ಅಲ್ಲಿಂದ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ 42 ಕಿಲೋಮೀಟರಿಗೂ ಮಿಕ್ಕ ದೂರವನ್ನು 2 ಗಂಟೆ 50 ನಿಮಿಷ 45.4 ಸೆಕೆಂಡುಗಳಲ್ಲಿ ಓಡಿ 19ನೆಯವರಾಗಿ ಬಂದರು.

ಇಂದಿನ ಕಾಲದ ಸಾಕ್ಷ್ಯ ಬೇಕೆಂದರೆ ಕೀನ್ಯಾ ದೇಶದ ಕಡೆ ನೋಡಬಹುದು. ಅಲ್ಲಿನ 10 ಮಂದಿ ಅಗ್ರಶ್ರೇಣಿಯ ಓಟಗಾರರ ಒಂದು ವಾರದ ಆಹಾರವನ್ನು ತೂಗಿ ನೋಡಿದ 2004ರ ಅಧ್ಯಯನವೊಂದರಲ್ಲಿ, ಅವರ ಶಕ್ತಿಯ ಸುಮಾರು ಮುಕ್ಕಾಲು ಭಾಗ ಶರ್ಕರಪಿಷ್ಟದಿಂದಲೇ ಬರುತ್ತಿತ್ತು. ಮುಖ್ಯ ಆಹಾರ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ತೊಳಸಿದ ಮುದ್ದೆ! ಬೆಳಗಿನ ಮೊದಲ ಓಟಕ್ಕೆ ಅವರು ಹೊರಡುವುದು ಉಪಾಹಾರಕ್ಕೆ ಮುನ್ನವೇ. ಆದರೆ ಹಿಂದಿನ ರಾತ್ರಿ ಮುದ್ದೆ ಉಂಡಿರುತ್ತಾರೆ, ಮರಳಿದ ಕೂಡಲೇ ಹಾಲು-ಸಕ್ಕರೆ ಬೆರೆತ ಚಹಾ ಮತ್ತು ಆಹಾರ ಕಾದಿರುತ್ತದೆ. ಅವರ ಬೆಳಗಿನ ಖಾಲಿ ಹೊಟ್ಟೆಯನ್ನು ಮಾತ್ರ ಅನುಕರಿಸಿ ರಾತ್ರಿಯ ಊಟವನ್ನು ಮರೆಯುವವರು ಅರ್ಧ ಪಾಠವನ್ನಷ್ಟೇ ಓದಿದಂತೆ.

ತೂಕ ಇಳಿಸಲೆಂದು ಉಪವಾಸದಲ್ಲಿ ಓಡುವವರೂ ಯೋಚಿಸಬೇಕು. ಹಸಿದು ಓಡಿದಾಗ ಆ ಹೊತ್ತಿಗೆ ಕೊಬ್ಬು ಹೆಚ್ಚು ಉರಿಯುವುದು ನಿಜ. ಆದರೆ 2014ರಲ್ಲಿ ಅಮೆರಿಕದಲ್ಲಿ 20 ತರುಣಿಯರ ಮೇಲೆ ನಾಲ್ಕು ವಾರ ನಡೆದ ಒಂದು ಅಧ್ಯಯನದಲ್ಲಿ, ಒಟ್ಟು ಆಹಾರ ಸಮನಾಗಿದ್ದಾಗ ಹಸಿದು ವ್ಯಾಯಾಮ ಮಾಡಿದವರಿಗೂ ತಿಂದು ಮಾಡಿದವರಿಗೂ ಮೈ ಇಳಿದ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ದೇಹ ಲೆಕ್ಕ ಹಾಕುವುದು ಒಂದು ಗಂಟೆಯದ್ದಲ್ಲ, ಇಡೀ ದಿನದ್ದು.

ಹಾಗಾದರೆ ತಿನ್ನುವುದೇನು?

ಇತಿಹಾಸ ಕಲಿಸಿದ್ದನ್ನು ಕೆಲವೇ ಮಾತುಗಳಲ್ಲಿ ಹೇಳಬಹುದು. ಆರೋಗ್ಯವಂತರಿಗೆ ಒಂದು ಗಂಟೆಯೊಳಗಿನ ನಿಧಾನದ ಓಟಕ್ಕೆ ನೀರು ಸಾಕು. ಹಿಂದಿನ ರಾತ್ರಿ ಉಂಡಿದ್ದರೆ ಬೇರೆ ಏನೂ ಬೇಕಿಲ್ಲ. ಅದಕ್ಕೂ ಹೆಚ್ಚು ಹೊತ್ತಿನ ಓಟಕ್ಕೆ, ಹೊರಡುವ ಒಂದರಿಂದ ನಾಲ್ಕು ಗಂಟೆ ಮೊದಲು ಮೈತೂಕದ ಪ್ರತಿ ಕಿಲೋಗೆ 1ರಿಂದ 4 ಗ್ರಾಂ ಶರ್ಕರಪಿಷ್ಟ ಎಂಬುದು ಇಂದಿನ ಕ್ರೀಡಾ ಆಹಾರ ತಜ್ಞರ ಸಲಹೆ. ಸಮಯ ಕಡಿಮೆಯಿದ್ದಷ್ಟೂ ತುತ್ತು ಚಿಕ್ಕದಾಗಬೇಕು. ಒಂದು ಗಂಟೆ ಮಾತ್ರ ಇದ್ದರೆ ಬಾಳೆಹಣ್ಣು, ಖರ್ಜೂರ, ಜಾಮ್ ಸವರಿದ ಬ್ರೆಡ್ಡು, ಎರಡು ಇಡ್ಲಿ ಅಥವಾ ತೆಳುವಾದ ಅಂಬಲಿ ಆಗಬಹುದು. ಎಣ್ಣೆಯಲ್ಲಿ ಕರಿದದ್ದು, ಕಾಳಿನ ಪಲ್ಯ, ಗಟ್ಟಿ ಮುದ್ದೆ ಆ ಹೊತ್ತಿಗಲ್ಲ. ಅವು ಹೊಟ್ಟೆಯಲ್ಲೇ ಕುಳಿತು ಓಟಗಾರನ ಜೊತೆ ಕುಲುಕುತ್ತವೆ. ಯಾವುದನ್ನೇ ಆಗಲಿ, ಸ್ಪರ್ಧೆಯ ದಿನ ಮೊದಲ ಬಾರಿಗೆ ತಿನ್ನುವ ಸಾಹಸ ಬೇಡ.

ಒಂದು ಎಚ್ಚರಿಕೆ ಮಾತ್ರ ಎಲ್ಲಕ್ಕಿಂತ ಮುಖ್ಯ. ಇನ್ಸುಲಿನ್ ತೆಗೆದುಕೊಳ್ಳುವವರು, ಸಕ್ಕರೆ ಇಳಿಸುವ ಕೆಲವು ಬಗೆಯ ಗುಳಿಗೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ದೂರ ಓಡಲು ಹೊರಟರೆ, 1924ರಲ್ಲಿ ಬಾಸ್ಟನ್ನಿನ ವೈದ್ಯರು ಕಂಡ ಸ್ಥಿತಿಗೆ ಅರ್ಧ ದಾರಿಯಲ್ಲೇ ತಲುಪಬಹುದು. ಅಂಥವರು ತಮ್ಮ ವೈದ್ಯರನ್ನು ಕೇಳಿಯೇ ಬೂಟು ಕಟ್ಟಬೇಕು, ಜೇಬಿನಲ್ಲಿ ಸಕ್ಕರೆಯನ್ನೋ ಮಿಠಾಯಿಯನ್ನೋ ಇಟ್ಟುಕೊಂಡಿರಬೇಕು.

ಬುಟ್ಟಿಯ ಗಿಣ್ಣು, ಅರೆಬೆಂದ ಮಾಂಸ, ಮೊಟ್ಟೆಯಲ್ಲಿ ಬೆರೆಸಿದ ವಿಷ ಎಲ್ಲವನ್ನೂ ದಾಟಿ ಕೊನೆಗೆ ಸಿಕ್ಕ ಉತ್ತರ, ಹೊತ್ತಾರೆ ಎದ್ದು ನೇಗಿಲು ಹೆಗಲಿಗೇರಿಸುತ್ತಿದ್ದವನ ತಂಗಳಿನ ಬಟ್ಟಲಿನಿಂದ ಬಹಳ ದೂರವೇನಿಲ್ಲ. ಬೆಳಗಿನ ಓಟಕ್ಕೆ ಸಿದ್ಧತೆ ನಡೆಯುವುದು ಬೆಳಿಗ್ಗೆಯಲ್ಲ. ಹಿಂದಿನ ಸಂಜೆ ಒಲೆಯ ಮೇಲೆ ಅನ್ನಕ್ಕೋ ಮುದ್ದೆಗೋ ಎಸರಿಟ್ಟಾಗಲೇ ಅದು ಶುರುವಾಗಿರುತ್ತದೆ.